ಹಲವರು ಕೂಡಿ ಬರೆದ ಸಾಹಸ ಮೇಜಿನ ಮೇಲೆ ಕೈಕೊಟ್ಟಾಗ: ದೋಷ ಪತ್ತೆ ಮತ್ತು ನಿವಾರಣೆ

ನಾಲ್ವರು ಸೇರಿ, ಪಾತ್ರ ವಹಿಸಿ ಕಥೆಯನ್ನು ಆಡುವ ರೋಲ್‌ಪ್ಲೇ ಆಟಕ್ಕಾಗಿ ಒಂದು ಫ್ಯಾಂಟಸಿ ಸಾಹಸವನ್ನು ಬರೆದಿದ್ದಾರೆ ಎಂದುಕೊಳ್ಳಿ. ಬಿಡಿಬಿಡಿಯಾಗಿ ಓದಿದರೆ ಪ್ರತಿಯೊಬ್ಬರ ಭಾಗವೂ ಚೆನ್ನಾಗಿಯೇ ಇದೆ. ಆದರೆ ಆಟಗಾರರನ್ನು ಮೇಜಿನ ಸುತ್ತ ಕೂರಿಸಿ ದಾಳ ಉರುಳಿಸತೊಡಗಿದ ಎರಡನೆಯ ಗಂಟೆಯಲ್ಲಿ ಆಟ ಮುಗ್ಗರಿಸುತ್ತದೆ, ಮತ್ತು ಯಾರ ಭಾಗದಲ್ಲಿ ಮುಗ್ಗರಿಸಿತೋ ಅವರು ತಪ್ಪಿತಸ್ಥರಂತೆ ತಲೆ ತಗ್ಗಿಸುತ್ತಾರೆ. ಒಬ್ಬರೇ ಬರೆದ ಸಾಹಸದಲ್ಲಿ ದೋಷ ಕಂಡ ಪುಟದ ಆಸುಪಾಸಿನಲ್ಲೇ ಅದರ ಮೂಲವೂ ಸಿಗುವುದು ಹೆಚ್ಚು. ಹಲವರು ಬರೆದದ್ದರಲ್ಲಿ ಹಾಗಲ್ಲ: ದೋಷ ಕಾಣುವುದು ಒಂದು ಕಡೆ, ಹುಟ್ಟಿರುವುದು ಇನ್ನೊಂದು ಕಡೆ, ಮತ್ತು ಬಹುಪಾಲು ಅದು ಹುಟ್ಟುವುದು ಒಬ್ಬರ ಭಾಗ ಮುಗಿದು ಮತ್ತೊಬ್ಬರದು ತೊಡಗುವ ಹೊಲಿಗೆಯಲ್ಲಿ. ಆದ್ದರಿಂದ ಕೆಟ್ಟ ಪುಟವನ್ನು ಕೂಡಲೇ ತಿದ್ದುವ ಬದಲು, ಆ ಪುಟದಿಂದ ಹಿಂದಕ್ಕೆ ನಡೆದು, ಇಬ್ಬರು ಬರಹಗಾರರ ಎಣಿಕೆಗಳು ಮೊದಲ ಬಾರಿಗೆ ಬೇರೆಯಾದ ಜಾಗವನ್ನು ಹುಡುಕಬೇಕು. ಮುಂದಿನ ವಿವರಣೆಯೆಲ್ಲ ಆ ಹುಡುಕಾಟದ ಕ್ರಮವನ್ನು ಕುರಿತದ್ದು.

ಉದಾಹರಣೆಗೆ ನಾನು ಕೈಹಾಕಿದ್ದ ಒಂದು ಸಾಹಸವನ್ನೇ ಉದ್ದಕ್ಕೂ ಬಳಸುತ್ತೇನೆ. ಅದನ್ನು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದ ಐದನೆಯ ಆವೃತ್ತಿಯ ನಿಯಮಗಳಿಗೆ ಬರೆದಿದ್ದೆವು. ಸಮುದ್ರದಂಚಿನ ದೀಪಸ್ತಂಭವೊಂದು ಆರಿಹೋಗಿದೆ, ಅದರ ಕಾವಲುಗಾರ ನಾಪತ್ತೆಯಾಗಿದ್ದಾನೆ, ಹಡಗುಗಳು ಬಂಡೆಗೆ ಬಡಿದು ಒಡೆಯುತ್ತಿವೆ ಎಂಬುದು ಕಥೆಯ ಆರಂಭ. ಒಬ್ಬರು ಬಂದರು ಪಟ್ಟಣವನ್ನು, ಇನ್ನೊಬ್ಬರು ಅಲ್ಲಿಂದ ಹೊರಡುವ ದಾರಿಯನ್ನು, ನಾನು ದೀಪಸ್ತಂಭದ ಅಡಿಯ ಗುಹೆಗಳನ್ನು, ನಾಲ್ಕನೆಯವರು ಸ್ತಂಭದ ತುದಿಯಲ್ಲಿ ನಡೆಯುವ ಕೊನೆಯ ದೃಶ್ಯವನ್ನು ಬರೆದೆವು. ಪ್ರಯೋಗದ ಮೊದಲ ಆಟವೇ ದೋಷಗಳ ಪ್ರದರ್ಶನವಾಯಿತು.

ದಾಳದ ಆಟವೋ, ಬರಹದ ದೋಷವೋ

ಯಾವುದನ್ನೂ ತಿದ್ದುವ ಮೊದಲು ಅದೃಷ್ಟದ ಪಾಲನ್ನು ಬೇರ್ಪಡಿಸಬೇಕು. ಇಪ್ಪತ್ತು ಮುಖದ ದಾಳದಲ್ಲಿ 20 ಬೀಳುವ ಸಾಧ್ಯತೆ ಶೇ. 5 ಮಾತ್ರ, ಆದರೆ ನಾಲ್ಕು ಗಾಬ್ಲಿನ್‌ಗಳು ಮೂರು ಸುತ್ತು ಹೋರಾಡಿದರೆ ಹನ್ನೆರಡು ಹೊಡೆತಗಳಾಗುತ್ತವೆ, ಮತ್ತು ಆ ಹನ್ನೆರಡರಲ್ಲಿ ಒಂದಾದರೂ 20 ಬೀಳುವ ಸಾಧ್ಯತೆ ಸುಮಾರು ಶೇ. 46. ಈ ಆವೃತ್ತಿ ಮೊದಲು ಹೊರಬಂದ 2014ರ ನಿಯಮದಂತೆ ಗಾಬ್ಲಿನ್‌ನ ಹೊಡೆತಕ್ಕೆ ಆರು ಮುಖದ ಒಂದು ದಾಳ ಮತ್ತು ಮೇಲೆ 2. 20 ಬಿದ್ದಾಗ ದಾಳ ಎರಡಾಗುತ್ತದೆ, ಅಂದರೆ ಸರಾಸರಿ 9 ಅಂಕಿಯ ಪೆಟ್ಟು. ಒಂದನೆಯ ಲೆವೆಲ್‌ನ (ಆರಂಭದ ಹಂತದ) ಮಾಂತ್ರಿಕನಿಗೆ ಇರುವುದು ಆರೇಳು ಹಿಟ್ ಪಾಯಿಂಟ್, ಅಂದರೆ ಪೆಟ್ಟು ತಾಳುವ ಅಂಕಿ. ಅವನು ಒಂದೇ ಪೆಟ್ಟಿಗೆ ಬಿದ್ದದ್ದನ್ನು ಕಂಡು "ಕಾಳಗ ಕಠಿಣವಾಯಿತು" ಎಂದು ಗಾಬ್ಲಿನ್‌ಗಳನ್ನು ಕಡಿತಗೊಳಿಸಿದರೆ, ನೀವು ತಿದ್ದಿದ್ದು ದಾಳವನ್ನೇ ಹೊರತು ಬರಹವನ್ನಲ್ಲ. ಅದೇ ಕಾಳಗ ಬೇರೆ ಗುಂಪಿನೊಂದಿಗೆ ಎರಡನೆಯ ಸಲವೂ ಹಾಗೆಯೇ ಕೆಟ್ಟರೆ ಆಗ ಮುಂದುವರಿಯಿರಿ.

ಎರಡನೆಯದಾಗಿ, ಆಟ ನಡೆಸಿದವರ ಪಾಲನ್ನು ಬೇರ್ಪಡಿಸಬೇಕು. ಬರೆದವರೇ ಗೇಮ್ ಮಾಸ್ಟರ್ ಆಗಿ ಕೂತರೆ ಪುಟದಲ್ಲಿಲ್ಲದ್ದನ್ನು ತಮ್ಮ ತಲೆಯಿಂದ ತುಂಬಿಸಿಬಿಡುತ್ತಾರೆ, ದೋಷ ಅಡಗಿಕೊಳ್ಳುತ್ತದೆ. ಪ್ರತಿ ಭಾಗವನ್ನೂ ಅದನ್ನು ಬರೆಯದವರೇ ನಡೆಸಲಿ. ಬರೆದವರು ಬಾಯಿ ಬಿಡದೆ ಪಕ್ಕದಲ್ಲಿ ಕೂತು, ಯಾವ ನಿಮಿಷಕ್ಕೆ ಯಾವ ಪ್ರಶ್ನೆ ಬಂತೆಂದು ಗುರುತು ಹಾಕಿಕೊಳ್ಳಲಿ. ಸುಮ್ಮನಿರುವುದು ಎಷ್ಟು ಕಷ್ಟವೆಂಬುದು ಕೂತಾಗಲೇ ತಿಳಿಯುವುದು. ಆದರೆ ಗೇಮ್ ಮಾಸ್ಟರ್ ಕೇಳುವ ಪ್ರತಿಯೊಂದು ಪ್ರಶ್ನೆಯೂ ಬರಹದಲ್ಲಿ ಬಿಟ್ಟುಹೋದ ಒಂದು ವಾಕ್ಯವನ್ನು ತೋರಿಸುತ್ತದೆ, ಉತ್ತರ ಹೇಳಿಬಿಟ್ಟರೆ ಆ ಗುರುತು ಅಳಿಸಿಹೋಗುತ್ತದೆ.

ಲಕ್ಷಣ: ಆಟ ನಿಂತಲ್ಲೇ ನಿಲ್ಲುತ್ತದೆ

ಆಟಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡು "ಈಗೇನು ಮಾಡೋಣ" ಎನ್ನುತ್ತಾರೆ, ಹತ್ತು ನಿಮಿಷ ಕಳೆದರೂ ಯಾರೂ ಕದಲುವುದಿಲ್ಲ. ನಮ್ಮ ಸಾಹಸದಲ್ಲಿ ಇದು ಗುಹೆಯ ಕೆಳಬಾಗಿಲ ಮುಂದೆ, ಅಂದರೆ ನನ್ನ ಭಾಗದಲ್ಲಿ ಸಂಭವಿಸಿತು. ಕಾವಲುಗಾರ ಸತ್ತಿಲ್ಲ, ದೀಪವನ್ನು ಆರಿಸಿದವನು ಅವನೇ ಎಂಬ ಸಂಗತಿ ಅಷ್ಟು ಹೊತ್ತಿಗೆ ಆಟಗಾರರಿಗೆ ಹೊಳೆದಿರಬೇಕಿತ್ತು, ಹೊಳೆದಿರಲಿಲ್ಲ. ನಾನು ಸುಳಿವನ್ನು ಪಟ್ಟಣದವರು ಇಟ್ಟಿರುತ್ತಾರೆಂದು ಎಣಿಸಿದ್ದೆ, ಪಟ್ಟಣ ಬರೆದವರು ಅದು ದಾರಿಯಲ್ಲಿ ಸಿಗುವುದೆಂದು ತಿಳಿದಿದ್ದರು, ದಾರಿ ಬರೆದವರು ಗುಹೆಯಲ್ಲೇ ಎಲ್ಲವೂ ಬಯಲಾಗುವುದೆಂದು ನಂಬಿದ್ದರು. ಮೂವರೂ ಸಭ್ಯತೆಯಿಂದ ಇನ್ನೊಬ್ಬರಿಗೆ ಬಿಟ್ಟುಕೊಟ್ಟ ಸುಳಿವು ಎಲ್ಲಿಯೂ ಇರಲಿಲ್ಲ.

ಪತ್ತೆ ಹಚ್ಚುವ ವಿಧಾನ ಹೀಗೆ. ದೊಡ್ಡ ಹಾಳೆಯೊಂದರ ಎಡಕ್ಕೆ ಆಟಗಾರರು ತಾವಾಗಿ ಕಂಡುಕೊಳ್ಳಬೇಕಾದ ಸಂಗತಿಗಳನ್ನು, ಮೇಲೆ ನಾಲ್ಕು ಭಾಗಗಳ ಹೆಸರನ್ನು ಬರೆಯಿರಿ. ಪ್ರತಿ ಚೌಕದಲ್ಲಿ ಆ ಸಂಗತಿಯನ್ನು ಸೂಚಿಸುವ ವಸ್ತು, ಮಾತು ಅಥವಾ ದೃಶ್ಯವನ್ನು ಪುಟ ಸಂಖ್ಯೆಯ ಸಮೇತ ನಮೂದಿಸಿ. ಪುಟ ಸಂಖ್ಯೆ ಕೊಡಲಾಗದಿದ್ದರೆ ಆ ಸುಳಿವು ಬರಹಗಾರರ ಮನಸ್ಸಿನಲ್ಲಿದೆಯೇ ಹೊರತು ಸಾಹಸದಲ್ಲಿಲ್ಲ. ಆಟಗಾರರು ತಲುಪಬೇಕಾದ ಪ್ರತಿ ತೀರ್ಮಾನಕ್ಕೂ ಕನಿಷ್ಠ ಮೂರು ಸುಳಿವು ಇರಲಿ ಎಂಬ, ಇಂಥ ಆಟಗಳ ಬಗ್ಗೆ ಬರೆಯುವ ಜಸ್ಟಿನ್ ಅಲೆಕ್ಸಾಂಡರ್ ಅವರ ಸೂತ್ರವನ್ನು ಇಲ್ಲಿ ಬಳಸಬಹುದು, ಮತ್ತು ಅದರ ಹಿಂದಿನ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ಸುಳಿವು ಸಿಗಲು ಮುಟ್ಟಬೇಕಾದ, ಡಿಸಿ ಎಂದು ಕರೆಯುವ ಗುರಿ ಅಂಕಿ 15 ಇದ್ದು, ಪಾತ್ರಕ್ಕೆ 5 ಅಂಕಿಯ ಸಹಾಯವಿದ್ದರೆ, ದಾಳದಲ್ಲಿ 10 ಅಥವಾ ಹೆಚ್ಚು ಬೀಳಬೇಕು. ತಪ್ಪುವ ಸಾಧ್ಯತೆ ಶೇ. 45. ಒಂದೇ ಸುಳಿವಿದ್ದರೆ ಹೆಚ್ಚುಕಡಿಮೆ ಅರ್ಧದಷ್ಟು ಗುಂಪುಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಒಂದಕ್ಕೊಂದು ಅಂಟದ ಮೂರು ಸುಳಿವುಗಳಿದ್ದರೆ ಮೂರೂ ತಪ್ಪುವ ಸಾಧ್ಯತೆ ಶೇ. 9ರಷ್ಟಕ್ಕೆ ಇಳಿಯುತ್ತದೆ.

"ಒಂದಕ್ಕೊಂದು ಅಂಟದ" ಎಂಬ ಮಾತಿನ ಮೇಲೆ ಒತ್ತು ಕೊಡಬೇಕು. ಮೂರು ಸುಳಿವುಗಳನ್ನೂ ಒಬ್ಬ ಹೆಂಡದಂಗಡಿಯವಳ ಬಾಯಲ್ಲಿ ಇಟ್ಟರೆ, ಆಟಗಾರರು ಅವಳ ಜೊತೆ ಜಗಳವಾಡಿಕೊಂಡ ಕ್ಷಣವೇ ಮೂರೂ ಹೋಗುತ್ತವೆ. ಲೆಕ್ಕಕ್ಕೆ ಅದು ಒಂದೇ ಸುಳಿವು. ಇದಕ್ಕಿಂತ ಮುಖ್ಯವಾಗಿ, ಮುಂದಿನ ದಾರಿಯನ್ನೇ ತೆರೆಯುವ ಸುಳಿವನ್ನು ದಾಳದ ಹಿಂದೆ ಬಚ್ಚಿಡುವುದು ನನ್ನ ದೃಷ್ಟಿಯಲ್ಲಿ ತಪ್ಪು. ದಾಳ ಬಿದ್ದರೆ ಹೆಚ್ಚು ತಿಳಿಯಲಿ, ಬೀಳದಿದ್ದರೆ ಕಡಿಮೆ ತಿಳಿಯಲಿ ಅಥವಾ ಏನಾದರೂ ತೆರಬೇಕಾಗಲಿ; ಆದರೆ ಬಾಗಿಲಂತೂ ತೆರೆಯಲಿ.

ಹಾಳೆಯ ಚೌಕಗಳು ತುಂಬಿದ್ದರೂ ಆಟ ನಿಂತರೆ, ಹೆಸರುಗಳನ್ನು ನೋಡಿ. ಪಟ್ಟಣದ ಭಾಗದಲ್ಲಿ ಕಾವಲುಗಾರನನ್ನು "ಮುದುಕ" ಎಂದೂ, ದಾರಿಯ ಭಾಗದಲ್ಲಿ "ದೀಪದವನು" ಎಂದೂ, ಕೊನೆಯ ದೃಶ್ಯದಲ್ಲಿ ಅವನ ಸ್ವಂತ ಹೆಸರಿನಿಂದಲೂ ಕರೆದಿದ್ದೆವು. ಹೊಸ ಸುಳಿವುಗಳನ್ನು ಸೇರಿಸಿದ ಮೇಲೆ ಎರಡನೆಯ ಪ್ರಯೋಗದಲ್ಲಿ ಆಟಗಾರರು ಮೂವರು ಬೇರೆ ಬೇರೆ ವ್ಯಕ್ತಿಗಳನ್ನು ಹುಡುಕುತ್ತ ಒಂದೂವರೆ ಗಂಟೆ ಕಳೆದರು. ಹೆಸರುಗಳ ಒಂದೇ ಪಟ್ಟಿ, ಅದರಲ್ಲಿ ಪ್ರತಿಯೊಬ್ಬರಿಗೂ ಒಂದೇ ಹೆಸರು: ಈ ದೋಷಕ್ಕೆ ಬೇರೆ ಮದ್ದಿಲ್ಲ.

ಲಕ್ಷಣ: ಸಾಧಾರಣ ಕಾಳಗ ಮಾರಣಹೋಮವಾಗುತ್ತದೆ

ಬಂದರಿನ ಉಗ್ರಾಣದಲ್ಲಿ ಪಟ್ಟಣ ಬರೆದವರು ಎರಡು ಗಾಬ್ಲಿನ್‌ಗಳನ್ನು ಇಟ್ಟಿದ್ದರು. ದಾರಿ ಬರೆದವರು, ಪಟ್ಟಣದಿಂದ ಹೊರಡುವ ಸುರಂಗ ಅದೇ ಉಗ್ರಾಣದ ಹಿಂಬದಿಯಲ್ಲಿ ತೆರೆಯುತ್ತದೆಂದು ಭಾವಿಸಿ, ಸುರಂಗದ ಬಾಯಲ್ಲಿ ಮತ್ತೆರಡನ್ನು ನಿಲ್ಲಿಸಿದ್ದರು. 2014ರ ಲೆಕ್ಕದಲ್ಲಿ ಒಂದು ಗಾಬ್ಲಿನ್‌ಗೆ 50 ಅನುಭವಾಂಕ, ಅಂದರೆ ಅದನ್ನು ಸೋಲಿಸಿದರೆ ಸಿಗುವ ಅಂಕಿ. ಶತ್ರುಗಳು ಇಬ್ಬರಿದ್ದರೆ ಮೊತ್ತವನ್ನು ಒಂದೂವರೆ ಪಟ್ಟು ಮಾಡಬೇಕು, ಮೂರರಿಂದ ಆರರವರೆಗಿದ್ದರೆ ಎರಡು ಪಟ್ಟು. ಆದ್ದರಿಂದ ಎರಡು ಗಾಬ್ಲಿನ್‌ಗಳ ಕಾಳಗದ ತೂಕ 150: ಒಂದನೆಯ ಲೆವೆಲ್‌ನ ನಾಲ್ವರಿಗೆ 100 ಸುಲಭ, 200 ಮಧ್ಯಮ ಆಗಿರುವಾಗ ಇದು ಏನೂ ಅಲ್ಲ. ಆದರೆ ಗದ್ದಲ ಕೇಳಿ ಪಕ್ಕದ ಕೋಣೆಯವರೂ ಓಡಿಬಂದರೆ ನಾಲ್ಕು ಗಾಬ್ಲಿನ್‌ಗಳಾಗುತ್ತವೆ, ತೂಕ 400ಕ್ಕೆ ಏರುತ್ತದೆ, ಮತ್ತು ಅದೇ ಗುಂಪಿಗೆ 400 ಎಂಬುದು ಮಾರಕ ಎಂದು ಹೆಸರಿಸಿದ ಗೆರೆ. ಇಬ್ಬರೂ ನ್ಯಾಯವಾಗಿಯೇ ಬರೆದಿದ್ದರು. ಗೋಡೆಯ ಆಚೆ ಯಾರಿದ್ದಾರೆಂದು ಇಬ್ಬರೂ ನೋಡಿರಲಿಲ್ಲ. ಈ ದೋಷವನ್ನು ಹುಡುಕಲು ಕಾಳಗದ ಪುಟಗಳನ್ನಲ್ಲ, ನಕ್ಷೆಯನ್ನು ಓದಬೇಕು: ಪ್ರತಿ ಕೋಣೆಯಲ್ಲೂ ಕತ್ತಿ ಖಣಖಣಿಸಿದರೆ ಅದು ಎಷ್ಟು ಕೋಣೆಗಳಿಗೆ ಕೇಳಿಸುತ್ತದೆ, ಕೇಳಿಸಿಕೊಂಡವರು ಏನು ಮಾಡುತ್ತಾರೆ ಎಂದು ಗುರುತಿಸಿ, ಒಟ್ಟಿಗೆ ಬರಬಲ್ಲವರನ್ನೆಲ್ಲ ಒಂದೇ ಕಾಳಗವೆಂದು ಲೆಕ್ಕ ಹಾಕಬೇಕು.

ಲೆಕ್ಕವೂ ನಕ್ಷೆಯೂ ಸರಿಯಿದ್ದು ಬರಹಗಾರರಿಬ್ಬರು ಒಂದೇ ಕಾಳಗವನ್ನು ಬೇರೆ ಬೇರೆಯಾಗಿ ತೂಗುತ್ತಿದ್ದರೆ, ಯಾರ ಕೈಯಲ್ಲಿ ಯಾವ ವರ್ಷದ ಪುಸ್ತಕವಿದೆ ಎಂದು ಕೇಳಿ. 2024ರ ಪರಿಷ್ಕೃತ ನಿಯಮಗಳಲ್ಲಿ ಆ ಗುಣಿಸುವ ಕ್ರಮವನ್ನೇ ಕೈಬಿಡಲಾಗಿದೆ. ಅಲ್ಲಿ ಅವೇ ನಾಲ್ಕು ಗಾಬ್ಲಿನ್‌ಗಳ ಮೊತ್ತ 200 ಮಾತ್ರ, ಅದು ಒಂದನೆಯ ಲೆವೆಲ್‌ನ ನಾಲ್ವರಿಗೆ ಅತಿ ಕಡಿಮೆ ತೂಕದ ವರ್ಗ. ಒಂದು ಪುಸ್ತಕ ಮಾರಕವೆನ್ನುವುದನ್ನು ಇನ್ನೊಂದು ಹಗುರವೆನ್ನುವಾಗ ಇಬ್ಬರು ಗೆಳೆಯರು ವಾರಗಟ್ಟಲೆ ವಾದಿಸುವುದು ಸಹಜ. ಎರಡರಲ್ಲಿ ಯಾವುದು ಉತ್ತಮವೆಂಬ ಚರ್ಚೆಗೆ ಇಳಿಯದೆ, ಯಾವ ವರ್ಷದ ನಿಯಮವೆಂದು ಸಾಹಸದ ಮೊದಲ ಪುಟದಲ್ಲೇ ಬರೆದು ಮುಂದೆ ಸಾಗಿ.

ಲಕ್ಷಣ: ಆಟಗಾರರು ತಲುಪುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ

ಕೊನೆಯ ದೃಶ್ಯದಲ್ಲಿ, ಮೂರನೆಯ ರಾತ್ರಿಯ ಉಬ್ಬರದ ಹೊತ್ತಿಗೆ ವಿಧಿಯೊಂದು ಪೂರ್ಣಗೊಳ್ಳುತ್ತದೆ ಎಂದು ಬರೆಯಲಾಗಿತ್ತು. ದಾರಿಯ ನಕ್ಷೆಯಲ್ಲಿ ಪಟ್ಟಣದಿಂದ ದೀಪಸ್ತಂಭಕ್ಕೆ ಇಪ್ಪತ್ತು ಷಟ್ಕೋನಗಳಿದ್ದವು, ಒಂದೊಂದೂ ಆರು ಮೈಲಿ. ಒಟ್ಟು 120 ಮೈಲಿ. ಸಾಮಾನ್ಯ ನಡಿಗೆಯಲ್ಲಿ ದಿನಕ್ಕೆ 24 ಮೈಲಿ, ಅಂದರೆ ಐದು ದಿನ. ಓಡೋಡಿ 30 ಮೈಲಿಯಂತೆ ಹೋದರೂ ನಾಲ್ಕು ದಿನ. ಯಾವ ಗುಂಪೂ ಸಮಯಕ್ಕೆ ತಲುಪುವಂತೆಯೇ ಇರಲಿಲ್ಲ, ಮತ್ತು ಮೊದಲ ಪ್ರಯೋಗದಲ್ಲಿ ಗೇಮ್ ಮಾಸ್ಟರ್ ದಿನಗಳನ್ನು ಎಣಿಸದೆ ಹೋದದ್ದರಿಂದ ನಮಗೆ ಅದು ಕಾಣಲೂ ಇಲ್ಲ. ಇಂಥ ದೋಷವನ್ನು ಹಿಡಿಯಲು ಇಡೀ ಸಾಹಸಕ್ಕೆ ಒಂದೇ ದಿನಚರಿ ಬೇಕು. ಎಡಗಡೆ ದಿನ ಮತ್ತು ಹೊತ್ತು, ಬಲಗಡೆ ಯಾರು ಎಲ್ಲಿದ್ದಾರೆ. ಅದನ್ನು ಒಬ್ಬರು ಮಾತ್ರ ತುಂಬಬೇಕು, ಉಳಿದವರು ಒಪ್ಪಿಗೆ ಹಾಕಬೇಕು.

ನಾವು ಷಟ್ಕೋನವನ್ನು ಮೂರು ಮೈಲಿಗೆ ಇಳಿಸಿದೆವು. 60 ಮೈಲಿಯ ದಾರಿ ಸಾಮಾನ್ಯ ನಡಿಗೆಗೆ ಎರಡೂವರೆ ದಿನ. ಬೇಗ ನಡೆದರೆ ಎರಡೇ ದಿನ, ಆದರೆ ಸುತ್ತಲ ಅಪಾಯವನ್ನು ತಾನಾಗಿ ಗಮನಿಸುವ ಅಂಕಿಯಲ್ಲಿ 5 ಕಡಿತ. ಅಡಗಿಕೊಂಡು ನಿಧಾನ ಹೋದರೆ ದಿನಕ್ಕೆ 18 ಮೈಲಿ, ಮೂರು ದಿನ ಮೀರಿ ತಡ. ತಿದ್ದುಪಡಿಯಿಂದ ಹೇಗೆ ನಡೆಯಬೇಕೆಂಬುದೇ ಆಟಗಾರರ ಮುಂದೆ ನಿಜವಾದ ಆಯ್ಕೆಯಾಯಿತು, ನಾವು ಹಿಗ್ಗಿದೆವು.

ಹಿಗ್ಗು ಉಳಿಯಲಿಲ್ಲ. ದಾರಿ ಅರ್ಧವಾದಾಗ ದಾರಿಯ ಕಾಳಗಗಳೂ ಅರ್ಧವಾದವು. ಎರಡನೆಯ ಲೆವೆಲ್‌ಗೆ ಪ್ರತಿ ಪಾತ್ರಕ್ಕೆ 300, ಮೂರನೆಯದಕ್ಕೆ 900 ಅನುಭವಾಂಕ ಬೇಕು. ನಾನು ಗುಹೆಗಳನ್ನು ಮೂರನೆಯ ಲೆವೆಲ್‌ನವರಿಗೆಂದು ಬರೆದಿದ್ದೆ, ಈಗ ಬರುತ್ತಿದ್ದವರು ಎರಡನೆಯ ಲೆವೆಲ್‌ನವರು. 2014ರ ಲೆಕ್ಕದಲ್ಲಿ 600 ತೂಕದ ಒಂದು ಕಾಳಗ ಮೂರನೆಯ ಲೆವೆಲ್‌ನ ನಾಲ್ವರಿಗೆ ಮಧ್ಯಮ, ಎರಡನೆಯ ಲೆವೆಲ್‌ನವರಿಗೆ ಕಠಿಣ, ಒಂದನೆಯ ಲೆವೆಲ್‌ನವರಿಗಾದರೆ ಮಾರಕದ ಗೆರೆಯನ್ನೂ ದಾಟಿದ್ದು. ಗುಹೆಯಲ್ಲಿ ಪಾತ್ರಗಳು ಸಾಲಾಗಿ ಬಿದ್ದಾಗ ಎಲ್ಲರೂ ನನ್ನ ಪುಟಗಳನ್ನು ತಿರುವಿದರು. ದೋಷ ಹುಟ್ಟಿದ್ದು ಷಟ್ಕೋನದ ಅಳತೆಯಲ್ಲಿ. ಆದ್ದರಿಂದ ಯಾವ ತಿದ್ದುಪಡಿಯನ್ನು ಮಾಡಿದರೂ ಅದರ ಮುಂದಿನ ಭಾಗ ಯಾವ ಲೆವೆಲ್, ಯಾವ ಹೊತ್ತು, ಯಾವ ವಸ್ತುಗಳನ್ನು ನಂಬಿ ನಿಂತಿದೆ ಎಂಬುದನ್ನು ಮತ್ತೆ ನೋಡಬೇಕು. ಪ್ರತಿ ಭಾಗದ ತಲೆಯಲ್ಲಿ "ಇಲ್ಲಿಗೆ ಬರುವವರು ಇಂಥ ಲೆವೆಲ್, ಇಷ್ಟು ದಿನ ಕಳೆದಿದೆ, ಇಂಥವು ಗೊತ್ತಿರುತ್ತವೆ" ಎಂದು ಮೂರು ಸಾಲು ಬರೆದಿಟ್ಟರೆ ಈ ಪರಿಶೀಲನೆ ಐದು ನಿಮಿಷದ ಕೆಲಸ.

ಅಳತೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ: ನಕ್ಷೆಯ ಒಂದು ಚೌಕ ಐದು ಅಡಿಯೋ ಹತ್ತು ಅಡಿಯೋ ಎಂದು ಕೇಳದೆ ಇಬ್ಬರ ನಕ್ಷೆಗಳನ್ನು ಜೋಡಿಸಬೇಡಿ. ಆರು ಚೌಕದ ಕೋಣೆಯನ್ನು 30 ಅಡಿ ವೇಗದ ಪಾತ್ರ ಒಂದು ಅಳತೆಯಲ್ಲಿ ಒಂದೇ ಸುತ್ತಿನ ನಡಿಗೆಗೆ ದಾಟುತ್ತದೆ, ಇನ್ನೊಂದರಲ್ಲಿ ಅರ್ಧಕ್ಕೇ ನಿಂತು ಬಾಣಕ್ಕೆ ಎದೆಯೊಡ್ಡುತ್ತದೆ.

ಲಕ್ಷಣ: ಖಳನ ನಡತೆಗೆ ತಲೆಬುಡವಿಲ್ಲ

ಪಟ್ಟಣದಲ್ಲಿ ಕಾವಲುಗಾರ ಮಗಳನ್ನು ಕಳೆದುಕೊಂಡ ದುಃಖಿ, ದಾರಿಯಲ್ಲಿ ಹಡಗುಗಳನ್ನು ದೋಚಿಸುವ ದುರಾಸೆಯವನು, ತುದಿಯಲ್ಲಿ ಸಮುದ್ರದ ದೈತ್ಯಕ್ಕೆ ಮನಸ್ಸು ಮಾರಿಕೊಂಡ ಹುಚ್ಚ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗಿತ್ತು. ಇಂಥ ಒಡಕನ್ನು ಓದಿ ಕಂಡುಹಿಡಿಯುವುದು ಕಷ್ಟ, ಏಕೆಂದರೆ ಸಹಬರಹಗಾರರು ಓದುವಾಗ ತಮ್ಮ ಖಳನನ್ನೇ ಇತರರ ಪುಟಗಳಲ್ಲೂ ಕಾಣುತ್ತಾರೆ. ಹೆಚ್ಚು ಫಲ ಕೊಟ್ಟ ಪರೀಕ್ಷೆ ಒಂದೇ: ಆಟಗಾರರು ಏನನ್ನೂ ಮಾಡದೆ ಮಲಗಿಬಿಟ್ಟರೆ ಮುಂದಿನ ಮೂರು ದಿನ ಏನೇನಾಗುತ್ತದೆ ಎಂಬುದನ್ನು ನಾಲ್ವರೂ ಒಬ್ಬರಿಗೊಬ್ಬರು ತೋರಿಸದೆ ಐದು ಸಾಲಿನಲ್ಲಿ ಬರೆಯುವುದು, ಆಮೇಲೆ ಒಟ್ಟಿಗೆ ಓದುವುದು. ನಮ್ಮ ನಾಲ್ಕು ಚೀಟಿಗಳಲ್ಲಿ ಮೂರು ಬೇರೆ ಬೇರೆ ಅಂತ್ಯಗಳಿದ್ದವು.

ಚೀಟಿಗಳು ಬೇರೆಯಾದಾಗ ಎಲ್ಲವನ್ನೂ ಸೇರಿಸಿ ಎಲ್ಲರನ್ನೂ ಮೆಚ್ಚಿಸುವ ಆಸೆ ಬರುತ್ತದೆ, ಅದಕ್ಕೆ ಬಲಿಯಾಗಬಾರದು. ಒಂದನ್ನು ಆರಿಸಿ, ಉಳಿದವನ್ನು ಜನರ ಗಾಳಿಮಾತನ್ನಾಗಿ ಮಾಡಿ. ನಾವು ಮಗಳ ಕಥೆಯನ್ನು ಉಳಿಸಿಕೊಂಡೆವು, ದುರಾಸೆಯ ಕಥೆ ವರ್ತಕರು ಹಬ್ಬಿಸಿದ ಸುಳ್ಳಾಯಿತು, ಹುಚ್ಚು ದೂರದಿಂದ ಕಂಡವರ ತಪ್ಪು ಗ್ರಹಿಕೆಯಾಯಿತು. ಬರೆದ ಪುಟಗಳು ವ್ಯರ್ಥವಾಗಲಿಲ್ಲ, ಬರೆದವರ ಮುಖವೂ ಬಾಡಲಿಲ್ಲ.

ಲಕ್ಷಣ: ಏನು ಮಾಡಿದರೂ ಒಂದೇ ದಾರಿ

ಆಟಗಾರರ ಆಯ್ಕೆಗೆ ಬೆಲೆಯಿಲ್ಲವೆನಿಸಿದರೆ, ನಂತರದ ಭಾಗಗಳಲ್ಲಿ ಆಟಗಾರರೇ ಕರ್ತೃವಾಗಿರುವ ವಾಕ್ಯಗಳನ್ನು ಹುಡುಕಿ. "ಪಾತ್ರಗಳು ದೋಣಿಯಲ್ಲಿ ಬಂದಿಳಿಯುತ್ತಾರೆ", "ಬಂದಿಯನ್ನು ಬಿಡಿಸಿರುತ್ತಾರೆ" ಎಂಬ ಪ್ರತಿ ವಾಕ್ಯವೂ ಹಿಂದಿನ ಭಾಗದಲ್ಲಿ ಆಟಗಾರರಿಗೆ ಹಾಕಿದ ಬೇಡಿ. ಅದನ್ನು "ದೋಣಿಯಲ್ಲಿ ಬಂದರೆ", "ಬಂದಿ ಜೊತೆಗಿದ್ದರೆ" ಎಂದು ತಿರುಗಿಸಿ, ಇಲ್ಲದಿದ್ದರೆ ಏನೆಂದು ಒಂದು ಸಾಲು ಸೇರಿಸಿ. ನಕ್ಷೆಯನ್ನೂ ನೋಡಿ: ಕೋಣೆಗಳು ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಂತಿದ್ದರೆ, ಎರಡನೆಯ ಪ್ರವೇಶವನ್ನೂ ತಿರುಗಿ ಬಂದು ಸೇರುವ ಒಂದು ಸುತ್ತುದಾರಿಯನ್ನೂ ಕೊಡಿ. 1970ರ ದಶಕದಲ್ಲೇ ಆಟ ವಿನ್ಯಾಸಕಿ ಜೆನೆಲ್ ಜೇಕ್ವೇಸ್ ರಚಿಸಿದ, ಇಂಥ ಕವಲುದಾರಿಯ ನೆಲದಡಿಯ ಕೋಣೆಗಳ ಡಂಜನ್‌ಗಳನ್ನು ವಿನ್ಯಾಸಕಾರರು ಇಂದಿಗೂ ಅಭ್ಯಾಸ ಮಾಡುತ್ತಾರೆ.

ಉಳಿದ ಎರಡು ದೋಷಗಳನ್ನು ಬೇಗ ಹೇಳಬಹುದು. ಒಬ್ಬರ ಭಾಗ ನಗಿಸಿ ಇನ್ನೊಬ್ಬರದು ಬೆಚ್ಚಿಬೀಳಿಸುತ್ತಿದ್ದರೆ, ಆಟದಲ್ಲಿ ಬರಲೇಬಾರದ ವಿಷಯಗಳು ಯಾವುವು, ತೆರೆಮರೆಯಲ್ಲಷ್ಟೇ ನಡೆಯಬೇಕಾದವು ಯಾವುವು ಎಂದು ಬರೆಯುವ ಮೊದಲೇ ಒಪ್ಪಿಕೊಳ್ಳಬೇಕು. ಪ್ರಕಟಿಸುವ ಉದ್ದೇಶವಿದ್ದರೆ ರಾಕ್ಷಸರ ಪಟ್ಟಿಯನ್ನು ಪರವಾನಗಿಯೊಂದಿಗೆ ಹೋಲಿಸಬೇಕು: 2023ರ ಜನವರಿಯಲ್ಲಿ ಇತರರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆಯಾದ ಈ ಆಟದ ಮೂಲ ನಿಯಮಸಂಗ್ರಹದಲ್ಲಿ ಗಾಬ್ಲಿನ್ ಇದೆ, ಬಿಹೋಲ್ಡರ್ ಮತ್ತು ಮೈಂಡ್ ಫ್ಲೇಯರ್‌ಗಳ ವಿವರಪಟ್ಟಿ ಇಲ್ಲ. ನನ್ನ ಗುಹೆಯ ಅತ್ಯುತ್ತಮ ಕೋಣೆಯನ್ನು ನಾನು ಕಳೆದುಕೊಂಡದ್ದು ಹೀಗೆ.

ದೋಷ ನೀಗಿತೆಂದು ಯಾವಾಗ ಬರೆಯುವುದು

ಒಂದು ಪ್ರಯೋಗಕ್ಕೆ ಒಂದೇ ತಿದ್ದುಪಡಿ ಎಂಬುದು ನಿಧಾನದ ದಾರಿ, ಆದರೆ ಮೂರು ತಿದ್ದುಪಡಿ ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು, ಯಾವುದು ಹೊಸ ಕೇಡು ತಂದಿತು ಎಂದು ತಿಳಿಯುವುದೇ ಇಲ್ಲ. ದೋಷಗಳ ದಾಖಲೆಯಲ್ಲಿ ಲಕ್ಷಣ, ಅದು ಕಂಡ ಪುಟ, ಅದು ಹುಟ್ಟಿದ ಪುಟ, ಯಾವ ಇಬ್ಬರ ಹೊಲಿಗೆ ಎಂಬ ನಾಲ್ಕು ಅಂಶಗಳಿರಲಿ. ಆ ಇಬ್ಬರೂ ಒಟ್ಟಿಗೆ ಕೂತು ತಿದ್ದಲಿ. ಹಿಂದೆ ಆಡಿದವರಿಗೆ ಉತ್ತರ ಗೊತ್ತಿರುವುದರಿಂದ, ಸಾಹಸವನ್ನು ಓದಿರದ, ಆಡಿರದ ಗುಂಪಿನ ಮುಂದೆ ತಿದ್ದುಪಡಿ ಕೆಡದೆ ಉಳಿದ ಮೇಲೆಯೇ ನಮೂದನ್ನು ಮುಚ್ಚಬೇಕು.

ನಮ್ಮ ದಾಖಲೆಯಲ್ಲಿ ಹದಿನೇಳು ನಮೂದುಗಳಿದ್ದವು, ಹದಿನಾರು ಮುಚ್ಚಿವೆ. ಉಳಿದದ್ದು ಕೊನೆಯ ಪ್ರಯೋಗದಲ್ಲಿ ಬಂದದ್ದು: ಆಟಗಾರರು ಗುಹೆಗೂ ಹೋಗದೆ, ಸ್ತಂಭವನ್ನೂ ಏರದೆ, ಬಂದರಿನ ಗುಡ್ಡದ ಮೇಲೆ ತಾವೇ ದೊಡ್ಡ ಬೆಂಕಿ ಹಾಕಿ ಹಡಗುಗಳಿಗೆ ದಾರಿ ತೋರಿಸಿದರು. ಅದು ಪಟ್ಟಣದ ಭಾಗಕ್ಕೆ ಸೇರಿದ್ದೋ ಕೊನೆಯ ದೃಶ್ಯಕ್ಕೆ ಸೇರಿದ್ದೋ ಎಂದು ಇಬ್ಬರು ಇನ್ನೂ ಚರ್ಚಿಸುತ್ತಿದ್ದಾರೆ, ಮತ್ತು ಆ ಬೆಂಕಿಯನ್ನು ಕಂಡ ಕಾವಲುಗಾರ ಏನು ಮಾಡುತ್ತಾನೆಂದು ನಾಲ್ವರೂ ಮತ್ತೊಮ್ಮೆ ಚೀಟಿ ಬರೆಯಬೇಕಾಗಿದೆ.